ಹ್ಯುಂಡೈ ತಗೊಳ್ಳಲಾ ಅಂತ ಕೇಳಿದ್ದೀಯಲ್ಲ

ತಮ್ಮಾ,

ನಿನ್ನ ಮೆಸೇಜ್ ನಿನ್ನೆ ರಾತ್ರಿ ಓದಿದೆ. ಅಟ್ಲಾಂಟಾಕ್ಕೆ ಬಂದು ಎರಡು ತಿಂಗಳಾಯಿತು, ಕಾರಿಲ್ಲದೆ ಹಾಲು ತರುವುದಕ್ಕೂ ಯಾರದೋ ಮುಖ ನೋಡಬೇಕು ಅಂತ ಬರೆದಿದ್ದೀಯ. ಆಫೀಸಿನಲ್ಲಿ ಎಲ್ಲರೂ ಟೊಯೊಟಾ, ಹೊಂಡಾ ಬಿಟ್ಟು ಬೇರೆ ಕಡೆ ತಿರುಗಿಯೂ ನೋಡಬೇಡ ಅನ್ನುತ್ತಾರಂತೆ. ನಿನ್ನ ಕೈಗೆಟಕುತ್ತಿರುವುದು ಒಂದು ಹ್ಯುಂಡೈ ಎಲಾಂಟ್ರಾ. "ಅಕ್ಕಾ, ಊರಲ್ಲಿ ಅಪ್ಪನ ಸ್ಯಾಂಟ್ರೊ ಹದಿನಾಲ್ಕು ವರ್ಷ ಓಡಿತು. ಇಲ್ಲಿ ಅದೇ ಕಂಪನಿ ಅಂದರೆ ಒಬ್ಬರು ಹೊಗಳುತ್ತಾರೆ, ಇನ್ನೊಬ್ಬರು ಮೂಗು ಮುರಿಯುತ್ತಾರೆ, ಯಾಕೆ?" ಅಂತ ಕೇಳಿದ್ದೀಯ.

ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಯಾರು ಯಾವ ಕಾಲದಲ್ಲಿ ಕಾರು ಕೊಂಡರು ಅನ್ನುವುದರ ಮೇಲೆ ಅವರವರ ಮಾತು ನಿಂತಿದೆ. ನಾನು ಈ ಊರಿಗೆ ಬಂದದ್ದು 1999ರಲ್ಲಿ. ಆ ಕಂಪನಿ ಬಿದ್ದ ಕಥೆ ಕೇಳಿದ್ದೇನೆ, ಎದ್ದು ನಿಂತದ್ದನ್ನು ಕಣ್ಣಾರೆ ನೋಡಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಪುರುಸೊತ್ತು ಮಾಡಿಕೊಂಡು ಓದು.

ಕೊರಿಯಾದ ಕಂಪನಿ ಹ್ಯುಂಡೈ ಅಮೆರಿಕಕ್ಕೆ ಬಂದದ್ದು 1986ರಲ್ಲಿ. ತಂದದ್ದು ಎಕ್ಸೆಲ್ ಅನ್ನುವ ಒಂದು ಚಿಕ್ಕ ಕಾರು. ಬೆಲೆ 4,995 ಡಾಲರ್. ಬೇರೆಯವರು ಸೆಕೆಂಡ್ ಹ್ಯಾಂಡ್ ಕಾರಿಗೆ ಕೇಳುತ್ತಿದ್ದ ದುಡ್ಡಿಗೆ ಇವರು ಹೊಸದನ್ನೇ ಕೊಟ್ಟರು. ಜನ ಮುಗಿಬಿದ್ದರು. ಮೊದಲ ವರ್ಷವೇ 1 ಲಕ್ಷ 68 ಸಾವಿರಕ್ಕೂ ಹೆಚ್ಚು ಕಾರು ಹೋದವು. ಎರಡನೇ ವರ್ಷ 2 ಲಕ್ಷ 60 ಸಾವಿರ ದಾಟಿತು. ಹೊರದೇಶದಿಂದ ಬಂದ ಯಾವ ಕಂಪನಿಯೂ ಮೊದಲ ವರ್ಷ ಅಷ್ಟು ಮಾರಿರಲಿಲ್ಲ.

ಆದರೆ ಕಾರನ್ನು ಮಾರಿದರೆ ಆಯಿತೇ? ಐದನೇ ಚಳಿಗಾಲದ ಬೆಳಿಗ್ಗೆಯೂ ಅದು ಸ್ಟಾರ್ಟ್ ಆಗಬೇಕಲ್ಲ. ಎಕ್ಸೆಲ್‌ಗಳಿಗೆ ಮೂರ್ನಾಲ್ಕು ವರ್ಷದಲ್ಲೇ ರಿಪೇರಿ ಶುರುವಾಯಿತು, ತುಕ್ಕು ಹಿಡಿಯಿತು, ಮಾರಲು ಹೋದರೆ ಕೇಳುವವರೇ ಇಲ್ಲ. ನೀನು ಈಗ ಎರಡು ತಿಂಗಳಲ್ಲೇ ಕಂಡಿದ್ದೀಯ, ಈ ದೇಶದಲ್ಲಿ ಕಾರು ಕೈಕೊಟ್ಟರೆ ಹತ್ತಿಕೊಂಡು ಹೋಗಲು ಮುಂದಿನ ಬಸ್ಸು ಇರುವುದಿಲ್ಲ. ಎರಡು ಸಲ ಕೆಲಸಕ್ಕೆ ತಡವಾದರೆ ಮೂರನೇ ಸಲ ಕೆಲಸವೇ ಇರುವುದಿಲ್ಲ. ಕಡಿಮೆ ದುಡ್ಡಿನವರು ನಂಬಿ ಕೊಂಡ ಕಾರು ಅದು, ಆದ್ದರಿಂದ ಸಿಟ್ಟು ಆಳಕ್ಕೆ ಇಳಿಯಿತು. ರಾತ್ರಿ ಟಿವಿಯ ಹಾಸ್ಯ ಕಾರ್ಯಕ್ರಮಗಳಲ್ಲಿ ಹ್ಯುಂಡೈ ಅಂತ ಹೆಸರು ಹೇಳಿದರೆ ಸಾಕು, ಜನ ನಗುತ್ತಿದ್ದರು. 1998ರಲ್ಲಿ ಇಡೀ ಅಮೆರಿಕದಲ್ಲಿ ಅವರು ಮಾರಿದ್ದು ಸುಮಾರು 90 ಸಾವಿರ ಕಾರು ಅಷ್ಟೇ.

ಅದೇ 1998ರಲ್ಲಿ ನಮ್ಮ ಕಡೆ ಸ್ಯಾಂಟ್ರೊ ಬಂತು ನೋಡು, ಚೆನ್ನೈ ಹತ್ತಿರದ ಶ್ರೀಪೆರಂಬುದೂರಿನ ಫ್ಯಾಕ್ಟರಿಯಿಂದ. ನಿಮ್ಮಪ್ಪನಂಥವರು ಅದನ್ನು ಹೊಸ ಕಂಪನಿಯ ಹೊಸ ಕಾರು ಅಂತ ಮನೆಗೆ ತಂದುಕೊಂಡರು. ಹಳೆಯ ಕಹಿ ಯಾರ ಬಾಯಲ್ಲೂ ಇರಲಿಲ್ಲ. ಇಲ್ಲಿ ಹನ್ನೆರಡು ವರ್ಷದ ಕಹಿ ಕೂತಿತ್ತು.

ನಾವು ಬಂದಾಗ ನನ್ನ ಯಜಮಾನರ ಆಫೀಸಿನಲ್ಲೂ ಇದೇ ಮಾತು, ಹ್ಯುಂಡೈ ಬೇಡ. ನಾವು ಕೇಳಿದೆವು. ಹಳೆಯ ಜಪಾನಿ ಕಾರೊಂದನ್ನು ತಗೊಂಡೆವು. ಆದರೆ ಆ ವರ್ಷ ಟಿವಿಯಲ್ಲಿ, ಪೇಪರಿನಲ್ಲಿ ಒಂದೇ ಜಾಹೀರಾತು ಮತ್ತೆ ಮತ್ತೆ ಬರುತ್ತಿತ್ತು. ಎಂಜಿನ್ನಿಗೂ ಗೇರ್‌ಬಾಕ್ಸಿಗೂ 10 ವರ್ಷ ಅಥವಾ 1 ಲಕ್ಷ ಮೈಲಿ ವಾರಂಟಿ. ನಮ್ಮ ಲೆಕ್ಕದಲ್ಲಿ 1 ಲಕ್ಷ 60 ಸಾವಿರ ಕಿಲೋಮೀಟರ್. ಇಡೀ ಕಾರಿಗೆ 5 ವರ್ಷ ಅಥವಾ 60 ಸಾವಿರ ಮೈಲಿ. ಉಳಿದವರು ಇಡೀ ಕಾರಿಗೆ ಸಾಮಾನ್ಯವಾಗಿ ಕೊಡುತ್ತಿದ್ದದ್ದು 3 ವರ್ಷ, 36 ಸಾವಿರ ಮೈಲಿ. ಆಗ ಹ್ಯುಂಡೈನ ಅಮೆರಿಕ ಕಂಪನಿಯ ಮುಖ್ಯಸ್ಥರಾಗಿದ್ದವರು ಫಿನ್‌ಬಾರ್ ಓನೀಲ್. ಅದಕ್ಕೆ 'ಅಮೆರಿಕದ ಅತ್ಯುತ್ತಮ ವಾರಂಟಿ' ಅಂತಲೇ ಹೆಸರಿಟ್ಟರು.

ಈ ವಾರಂಟಿಯ ಬಗ್ಗೆ ನಾನು ಎಷ್ಟೋ ಸಲ ಯೋಚಿಸಿದ್ದೇನೆ. ನಮ್ಮ ಕಾರು ಒಳ್ಳೆಯದು ಅಂತ ಬಾಯಲ್ಲಿ ಹೇಳಿದ್ದರೆ ಆ ಹೊತ್ತಿಗೆ ಯಾರೂ ನಂಬುತ್ತಿರಲಿಲ್ಲ. ಅವರು ಕಾಗದದ ಮೇಲೆ ಬರೆದು ಸಹಿ ಹಾಕಿಕೊಟ್ಟರು. ಕೆಟ್ಟರೆ ದುಡ್ಡು ನಮ್ಮದು ಅಂದರು. ಇನ್ನೊಂದು ವಿಷಯ, ಆ ಕಾಗದ ಕೊಳ್ಳುವವನಿಗೆ ಧೈರ್ಯ ಕೊಟ್ಟ ಹಾಗೆಯೇ ಮಾಡುವವನ ಕುತ್ತಿಗೆಗೂ ಬಂತು. ಹತ್ತು ವರ್ಷ ಒಂದೊಂದು ಎಂಜಿನ್ ರಿಪೇರಿಗೂ ತನ್ನ ಗಂಟಿನಿಂದಲೇ ತೆರಬೇಕು ಅಂದಮೇಲೆ ಕಳಪೆ ಕಾರು ಕಳಿಸುವ ಹಾಗೆಯೇ ಇಲ್ಲ. ಅದೇ ಸಮಯದಲ್ಲಿ ಕೊರಿಯಾದಲ್ಲಿ ಚುಂಗ್ ಮಾಂಗ್-ಕೂ ಕಂಪನಿಯ ಚುಕ್ಕಾಣಿ ಹಿಡಿದರು. ಅವರು ಹಿಂದೆ ಸರ್ವೀಸ್ ವಿಭಾಗ ನೋಡಿಕೊಂಡವರು. ಕೆಟ್ಟ ಕಾರು ವಾಪಸ್ ಬಂದಾಗ ಗಿರಾಕಿಯ ಮುಖ ಹೇಗಿರುತ್ತದೆ ಅಂತ ಅಂಥವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಎಷ್ಟು ಕಾರು ಮಾಡಿದೆವು ಅನ್ನುವ ಲೆಕ್ಕಕ್ಕಿಂತ ಎಷ್ಟು ತಪ್ಪು ಬಂತು ಅನ್ನುವ ಲೆಕ್ಕ ಮುಂದೆ ಬಂತು.

2003ರ ಹೊತ್ತಿಗೆ ಮಾರಾಟ 4 ಲಕ್ಷಕ್ಕೆ ಏರಿತು. 2004ರಲ್ಲಿ ಜೆ.ಡಿ. ಪವರ್ ಅನ್ನುವ ಸಮೀಕ್ಷೆ ಕಂಪನಿಯವರು ಹೊಸ ಕಾರು ಕೊಂಡವರನ್ನು ಮೊದಲ ಮೂರು ತಿಂಗಳಲ್ಲಿ ಏನೇನು ತೊಂದರೆ ಬಂತು ಅಂತ ಕೇಳಿ ಮಾಡುವ ಸಮೀಕ್ಷೆಯಲ್ಲಿ ಹ್ಯುಂಡೈ ಟೊಯೊಟಾವನ್ನೇ ಹಿಂದೆ ಹಾಕಿತು. ಯಾರಿಗೂ ನಂಬಿಕೆ ಬರಲಿಲ್ಲ. 2006ರಲ್ಲಿ ಅದೇ ಸಮೀಕ್ಷೆಯಲ್ಲಿ ಪೋರ್ಷೆ, ಲೆಕ್ಸಸ್ ಆದಮೇಲೆ ಮೂರನೆಯ ಜಾಗ. ಅಷ್ಟರಲ್ಲಿ 2005ರಲ್ಲಿ ಅಲಬಾಮಾದ ಮಾಂಟ್ಗೊಮೆರಿಯಲ್ಲಿ ಅವರ ಸ್ವಂತ ಫ್ಯಾಕ್ಟರಿ ಶುರುವಾಗಿತ್ತು.

ನಾವು ಹ್ಯುಂಡೈನ ಸೊನಾಟಾ ಕೊಂಡದ್ದು ಆ 2006ರಲ್ಲೇ. ಮನೆಗೆ ತಂದ ದಿನ ಪಕ್ಕದ ಮನೆಯ ಹಿರಿಯರು ಹೊರಗೆ ಬಂದರು. ಅವರು ಇಲ್ಲೇ ಡೊರವಿಲ್‌ನ ಜನರಲ್ ಮೋಟರ್ಸ್ ಫ್ಯಾಕ್ಟರಿಯಲ್ಲಿ ಜೀವನವೆಲ್ಲ ದುಡಿದು ನಿವೃತ್ತರಾದವರು. ಒಂದು ಮಾತೂ ಆಡಲಿಲ್ಲ. ಬಾನೆಟ್ಟಿಗೂ ಪಕ್ಕದ ತಗಡಿಗೂ ನಡುವಿನ ಸಂದಿನಲ್ಲಿ ಹೆಬ್ಬೆರಳಿನ ಉಗುರು ಇಟ್ಟು ಈ ತುದಿಯಿಂದ ಆ ತುದಿಗೆ ಎಳೆದರು. ಸಂದು ಎಲ್ಲೂ ಅಗಲವಾಗಲಿಲ್ಲ, ಕಿರಿದಾಗಲಿಲ್ಲ. ಬಾಗಿಲು ತೆಗೆದು ಹಾಕಿದರು, ಸದ್ದು ಕೇಳಿದರು, ಮತ್ತೊಮ್ಮೆ ತೆಗೆದು ಹಾಕಿದರು. ಆಮೇಲೆ ಬಗ್ಗಿ, ಮುಂದಿನ ಗಾಜಿನ ಮೂಲೆಯಲ್ಲಿ ಕಾಣುವ ವಿನ್ ನಂಬರಿನ, ಅಂದರೆ ಒಂದೊಂದು ಕಾರಿಗೂ ಬೇರೆ ಬೇರೆ ಇರುವ ಗುರುತಿನ ನಂಬರಿನ, ಪಟ್ಟಿಯನ್ನು ಓದಿದರು. "ಕೆ ಅಕ್ಷರದಿಂದ ಶುರುವಾದರೆ ಕೊರಿಯಾದಲ್ಲಿ ಮಾಡಿದ್ದು. ಇದು ಐದರಿಂದ ಶುರುವಾಗಿದೆ" ಅಂದರು. ನೆಟ್ಟಗೆ ನಿಂತು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ನನ್ನಂಥವರೇ ಮಾಡಿದ ಕಾರು" ಅಂದರು.

ಅವರ ದನಿ ನನಗೆ ಇನ್ನೂ ನೆನಪಿದೆ. ಯಾಕೆಂದರೆ ಅದೇ ವರ್ಷ ಅಟ್ಲಾಂಟಾ ಪಕ್ಕದ ಹೇಪ್‌ವಿಲ್‌ನ ಫೋರ್ಡ್ ಫ್ಯಾಕ್ಟರಿ ಮುಚ್ಚಿತು. 2008ರಲ್ಲಿ ಅವರು ದುಡಿದ ಡೊರವಿಲ್ ಫ್ಯಾಕ್ಟರಿಯೂ ಮುಚ್ಚಿತು. ನಮ್ಮ ಈ ಜಾರ್ಜಿಯಾ ರಾಜ್ಯದಲ್ಲಿ ಮತ್ತೆ ಕಾರು ತಯಾರಾಗಲು ಶುರುವಾದದ್ದು 2009ರ ಕೊನೆಯಲ್ಲಿ, ವೆಸ್ಟ್ ಪಾಯಿಂಟ್ ಅನ್ನುವ ಊರಿನಲ್ಲಿ. ಅದು ಕಿಯಾ ಫ್ಯಾಕ್ಟರಿ. ಕಿಯಾ 1998ರಿಂದ ಹ್ಯುಂಡೈ ಕೈಯಲ್ಲೇ ಇದೆ. ಬಟ್ಟೆ ಗಿರಣಿಗಳು ಮುಚ್ಚಿ ಸೊರಗಿದ್ದ ಊರು ಅದು. ಕಿಯಾ ಬಂತಲ್ಲ ದೇವರೇ ಅಂತ ಕೃತಜ್ಞತೆ ಹೇಳುವ ಬೋರ್ಡುಗಳನ್ನು ಜನ ಮನೆ ಮುಂದೆ ನೆಟ್ಟಿದ್ದರು. ಐ-85 ಹೆದ್ದಾರಿ ಹಿಡಿದು ಮಾಂಟ್ಗೊಮೆರಿ ಕಡೆ ಹೋದರೆ ದಾರಿಯಲ್ಲೇ ಸಿಗುತ್ತದೆ, ಒಮ್ಮೆ ಹೋಗಿ ಬಾ. ಹೆಸರು ಅಂದರೆ ಬರೀ ಎಂಜಿನ್ನಿನ ಮಾತಲ್ಲ ತಮ್ಮಾ. ಪಕ್ಕದ ಊರಿನವರ ಅಣ್ಣನೋ ಭಾವನೋ ಅಲ್ಲಿ ಕೆಲಸ ಮಾಡುತ್ತಾನೆ ಅಂದಾಗ ಆ ಕಾರಿನ ಮೇಲೆ ಜನರ ಕಣ್ಣು ಬೇರೆ ಆಗುತ್ತದೆ.

2009 ಅಂದೆನಲ್ಲ, ಆ ವರ್ಷದ್ದು ಇನ್ನೊಂದು ಹೇಳಲೇಬೇಕು. ಬ್ಯಾಂಕುಗಳು ಮುಳುಗಿ ಎಲ್ಲ ಕಡೆ ಕೆಲಸ ಹೋಗುತ್ತಿದ್ದ ಕಾಲ. ಕ್ರೈಸ್ಲರ್, ಜನರಲ್ ಮೋಟರ್ಸ್ ಎರಡೂ ದಿವಾಳಿ ಅರ್ಜಿ ಹಾಕಿದವು. ಸಾಲ ಮಾಡಿ ಕಾರು ಕೊಳ್ಳಲು ಯಾರಿಗೆ ಧೈರ್ಯ? ನಮ್ಮಂಥ ವೀಸಾ ಮೇಲಿದ್ದವರಿಗಂತೂ ಕೆಲಸ ಹೋದರೆ ಮನೆ ಖಾಲಿ ಮಾಡಿ ಊರಿಗೆ ಹೊರಡುವ ಯೋಚನೆ. ಆ ಜನವರಿಯಲ್ಲಿ ಹ್ಯುಂಡೈ ಹೇಳಿತು: ನಮ್ಮ ಕಾರು ಕೊಂಡು ಒಂದು ವರ್ಷದೊಳಗೆ ಕೆಲಸ ಹೋದರೆ ಕಾರು ವಾಪಸ್ ಕೊಡಿ, ಸಾಲದಲ್ಲಿ ಉಳಿದ ವ್ಯತ್ಯಾಸ 7,500 ಡಾಲರ್‌ವರೆಗೆ ನಮ್ಮದು. ಬೇರೆಯವರು ಬೆಲೆ ಇಳಿಸುತ್ತಿದ್ದರು. ಇವರು ಜನರ ಹೊಟ್ಟೆಯೊಳಗಿನ ಭಯ ಯಾವುದು ಅಂತ ನೋಡಿ ಅದಕ್ಕೆ ಉತ್ತರ ಕೊಟ್ಟರು. ದೇಶದ ಒಟ್ಟು ಕಾರು ಮಾರಾಟ ಐದರಲ್ಲಿ ಒಂದು ಪಾಲು ಕುಸಿದ ಆ ವರ್ಷ ಹ್ಯುಂಡೈ ಮಾರಾಟ ಏರಿ 4 ಲಕ್ಷ 35 ಸಾವಿರ ಮುಟ್ಟಿತು. ಅದೇ ಜನವರಿಯಲ್ಲಿ ಡೆಟ್ರಾಯಿಟ್‌ನಲ್ಲಿ ಅವರ ಜೆನಸಿಸ್ ಅನ್ನುವ ಕಾರು ಉತ್ತರ ಅಮೆರಿಕದ ವರ್ಷದ ಕಾರು ಅಂತ ಆಯ್ಕೆಯಾಯಿತು.

ಇಷ್ಟು ಹೇಳಿ ಬಿಟ್ಟರೆ ನಿನಗೆ ಅರ್ಧ ಸತ್ಯ ಹೇಳಿದ ಹಾಗೆ. ಗಳಿಸಿದ ಹೆಸರಿಗೆ ಅವರೇ ಪೆಟ್ಟು ಹಾಕಿಕೊಂಡದ್ದೂ ಇದೆ.

2012ರಲ್ಲಿ ಹ್ಯುಂಡೈ, ಕಿಯಾ ಎರಡೂ ಸುಮಾರು 9 ಲಕ್ಷ ಕಾರುಗಳ ಮೈಲೇಜನ್ನು ಇದ್ದದ್ದಕ್ಕಿಂತ ಜಾಸ್ತಿ ಹೇಳಿದ್ದು ಬಯಲಾಯಿತು. ಸರ್ಕಾರಕ್ಕೆ 10 ಕೋಟಿ ಡಾಲರ್ ದಂಡ ಕಟ್ಟಿದರು, ಗಿರಾಕಿಗಳಿಗೆ ಪೆಟ್ರೋಲ್ ದುಡ್ಡು ಕೊಟ್ಟರು. ಆಮೇಲೆ ಥೀಟಾ 2 ಅನ್ನುವ ಎಂಜಿನ್. ಓಡುತ್ತಿರುವಾಗಲೇ ಒಳಗಿನ ಬೇರಿಂಗ್ ಸವೆದು ಎಂಜಿನ್ ಜಾಮ್ ಆಗುವ ತೊಂದರೆ. 2015ರಿಂದ ರಿಕಾಲ್ ಮೇಲೆ ರಿಕಾಲ್, ಅಂದರೆ ಮಾರಿದ ಕಾರನ್ನು ಕಂಪನಿಯೇ ವಾಪಸ್ ಕರೆಸಿ ಪುಕ್ಕಟೆ ಸರಿಮಾಡಿ ಕೊಡುವುದು. ರಿಕಾಲ್ ತಡ ಮಾಡಿದ್ದಕ್ಕೆ 2020ರಲ್ಲಿ ಎರಡೂ ಕಂಪನಿ ಮತ್ತೆ ದೊಡ್ಡ ದಂಡಕ್ಕೆ ಒಪ್ಪಿಕೊಂಡವು.

ನನಗೆ ಎಲ್ಲಕ್ಕಿಂತ ಸಂಕಟವಾದದ್ದು ಕಳ್ಳತನದ ವಿಷಯ. ಸುಮಾರು 2011ರಿಂದ 2021ರವರೆಗಿನ, ಕೀ ತಿರುಗಿಸಿ ಸ್ಟಾರ್ಟ್ ಮಾಡುವ ಎಷ್ಟೋ ಹ್ಯುಂಡೈ, ಕಿಯಾ ಕಾರುಗಳಲ್ಲಿ ಇಮ್ಮೊಬಿಲೈಜರ್ ಇರಲಿಲ್ಲ. ಸರಿಯಾದ ಕೀ ಇಲ್ಲದೆ ಎಂಜಿನ್ ಶುರುವಾಗದ ಹಾಗೆ ತಡೆಯುವ ಸಣ್ಣ ಎಲೆಕ್ಟ್ರಾನಿಕ್ ಭಾಗ ಅದು. ಕೆನಡಾದಲ್ಲಿ ಕಾನೂನು ಇತ್ತು, ಅಲ್ಲಿನ ಕಾರುಗಳಿಗೆ ಹಾಕಿದರು. ಇಲ್ಲಿ ಕಾನೂನು ಇರಲಿಲ್ಲ, ಆ ಖರ್ಚು ಉಳಿಸಿದರು. ಹುಡುಗರು ಕದಿಯುವುದನ್ನು ವಿಡಿಯೊ ಮಾಡಿ ಹಂಚಿದರು. ಊರೂರಲ್ಲಿ ಕಾರು ಹೋದವು. ಇದರಿಂದ 14 ಅಪಘಾತ, 8 ಸಾವು ಆಗಿದೆ ಅಂತ 2023ರ ಫೆಬ್ರವರಿಯಲ್ಲಿ ರಸ್ತೆ ಸುರಕ್ಷತಾ ಇಲಾಖೆಯೇ ಹೇಳಿತು. ಕೆಲವು ಊರುಗಳಲ್ಲಿ ವಿಮೆ ಕಂಪನಿಗಳು ಆ ಕಾರುಗಳಿಗೆ ಹೊಸ ಪಾಲಿಸಿ ಕೊಡಲು ಒಪ್ಪಲಿಲ್ಲ. ಮೊದಲು ಎಕ್ಸೆಲ್ ಕೊಂಡು ಕೈ ಸುಟ್ಟುಕೊಂಡವರಂಥ ಜನರೇ ಇಲ್ಲೂ ಸಿಕ್ಕಿಬಿದ್ದರು, ಅಗ್ಗದ ಮಾಡೆಲ್ ಕೊಂಡವರು. ಆಮೇಲೆ 83 ಲಕ್ಷ ಕಾರುಗಳಿಗೆ ಪುಕ್ಕಟೆ ಸಾಫ್ಟ್‌ವೇರ್ ಬದಲಾಯಿಸಿಕೊಡುವುದಾಗಿ ಹೇಳಿದರು, ಸ್ಟೀರಿಂಗಿಗೆ ಹಾಕುವ ಕಬ್ಬಿಣದ ಲಾಕ್ ಹಂಚಿದರು. ಇವತ್ತಿಗೂ ಪ್ಲೆಸೆಂಟ್ ಹಿಲ್ ರೋಡಿನ ಕೊರಿಯನ್ ಅಂಗಡಿಗೆ ಬೆಂಡೆಕಾಯಿ ತರಲು ಹೋದಾಗ ಪಾರ್ಕಿಂಗಿನಲ್ಲಿ ಆ ಲಾಕ್ ಹಾಕಿದ ಕಾರು ಕಾಣುತ್ತದೆ.

ಆದರೂ ಕಂಪನಿ ಕುಸಿಯಲಿಲ್ಲ. ಕಿಯಾ ಟೆಲ್ಯುರೈಡ್ 2020ರಲ್ಲಿ ವಿಶ್ವದ ವರ್ಷದ ಕಾರು ಆಯಿತು, ಹ್ಯುಂಡೈನ ಅಯಾನಿಕ್ 5 ಅನ್ನುವ ಎಲೆಕ್ಟ್ರಿಕ್ ಕಾರು 2022ರಲ್ಲಿ. ವಾರಂಟಿಯ ಕಾಗದ 1998ರಿಂದ ಇವತ್ತಿನವರೆಗೆ ಹಿಂದಕ್ಕೆ ತಗೊಳ್ಳಲಿಲ್ಲ ಅನ್ನುವುದೂ ಅದಕ್ಕೆ ಕಾರಣ ಅಂತ ನನ್ನ ಅನಿಸಿಕೆ. ನಿನ್ನ ಕ್ರೆಡಿಟ್ ಸ್ಕೋರ್ ಕೂಡ ಇಲ್ಲಿ ಹಾಗೆಯೇ ಬೆಳೆಯುತ್ತದೆ, ಗೊತ್ತಿರಲಿ. ಬೆಂಗಳೂರಿನಲ್ಲಿ ಎಷ್ಟು ಒಳ್ಳೆಯ ಸಂಬಳ ಇತ್ತು ಅಂತ ಯಾರೂ ಕೇಳುವುದಿಲ್ಲ. ತಿಂಗಳು ತಿಂಗಳು ಹೇಳಿದ ದಿನಕ್ಕೆ ಸಾಲ ಕಟ್ಟಿದೆಯಾ ಅನ್ನುವುದೇ ಎಲ್ಲಕ್ಕಿಂತ ಮುಖ್ಯ.

ಈಗ ನಿನ್ನ ಎಲಾಂಟ್ರಾಗೆ ಬರೋಣ. ಹೊಸದೋ ಹಳೆಯದೋ ನೀನು ಬರೆದಿಲ್ಲ. ಅದೇ ಮುಖ್ಯ. ಆ 10 ವರ್ಷದ ವಾರಂಟಿ ಮೊದಲ ಮಾಲೀಕನಿಗೆ ಮಾತ್ರ. ಸೆಕೆಂಡ್ ಹ್ಯಾಂಡ್ ಕೊಂಡವರಿಗೆ ಎಂಜಿನ್ ವಾರಂಟಿ 5 ವರ್ಷ, 60 ಸಾವಿರ ಮೈಲಿಗೆ ಇಳಿಯುತ್ತದೆ, ಅದೂ ಕಾರು ಮೊದಲು ಮಾರಾಟವಾದ ದಿನದಿಂದ ಲೆಕ್ಕ. ಹ್ಯುಂಡೈ ಡೀಲರ್ ಹತ್ತಿರವೇ ಕಂಪನಿ ಸರ್ಟಿಫೈ ಮಾಡಿದ ಹಳೆಯ ಕಾರು ತಗೊಂಡರೆ 10 ವರ್ಷದ್ದು ಮತ್ತೆ ಸಿಗುತ್ತದೆ. ನೂರಿನ್ನೂರು ಡಾಲರ್ ಉಳಿಯುತ್ತದೆ ಅಂತ ಬೀದಿ ಬದಿಯ ಅಂಗಡಿಗೆ ಹೋಗಬೇಡ. ಕೀ ತಿರುಗಿಸುವ ಹಳೆಯ ಮಾಡೆಲ್ ಆದರೆ ಸಾಫ್ಟ್‌ವೇರ್ ಹಾಕಿಸಿದ್ದಾರಾ ಅಂತ ಕೇಳು, ವಿಮೆಗೆ ಎಷ್ಟಾಗುತ್ತದೆ ಅಂತ ಕೊಳ್ಳುವ ಮೊದಲೇ ಫೋನ್ ಮಾಡಿ ತಿಳಿದುಕೋ. ಮತ್ತೆ ಆಯಿಲ್ ಬದಲಾಯಿಸಿದ ರಸೀದಿ ಒಂದನ್ನೂ ಬಿಸಾಡಬೇಡ. ನಮ್ಮ ಸೊನಾಟಾದ್ದು ಒಂದು ಹಳೆಯ ಬಿಸ್ಕತ್ತಿನ ಡಬ್ಬಿ ತುಂಬಾ ಇತ್ತು. ಮಗಳು ಕಾಲೇಜಿಗೆ ಅದೇ ಕಾರು ಓಡಿಸಿದಳು. 1 ಲಕ್ಷ 70 ಸಾವಿರ ಮೈಲಿ ಆದಮೇಲೆ ಕೊಟ್ಟೆವು, ಕೊಂಡವರಿಗೆ ಡಬ್ಬಿಯನ್ನೂ ಕೊಟ್ಟೆ.

ಆ ಕಾರಿನ ವಿನ್ ನಂಬರ್ ಫೋಟೊ ತೆಗೆದು ಕಳಿಸು. ರಿಕಾಲ್ ಬಾಕಿ ಇದೆಯಾ ಅಂತ ಸರ್ಕಾರದ ಸೈಟಿನಲ್ಲಿ ಇವತ್ತೇ ನೋಡಿ ಹೇಳುತ್ತೇನೆ. ಶನಿವಾರ ಹತ್ತು ಗಂಟೆಗೆ ನಾನೂ ಯಜಮಾನರೂ ನಿನ್ನ ಅಪಾರ್ಟ್‌ಮೆಂಟ್ ಹತ್ತಿರ ಬರುತ್ತೇವೆ, ಮೂವರೂ ಸೇರಿ ಡೀಲರ್ ಹತ್ತಿರ ಹೋಗೋಣ. ನಾಳೆಯೇ ಒಬ್ಬನೇ ಹೋಗಿ ಸಹಿ ಹಾಕಿಬಿಡಬೇಡ.

ನಿನ್ನ ಅಕ್ಕ