ಚೌಕಟ್ಟಿನ ಮೇಲೆ ಮಣ್ಣಿನ ಗೆರೆ

ಪ್ರಶ್ನೆ: ನಮ್ಮದು ಹಳೆಯ ಮಾಳಿಗೆ ಮನೆ. ಬಾಗಿಲ ಚೌಕಟ್ಟಿನ ಮೇಲೆ ಮಣ್ಣಿನ ಗೆರೆ ಎದ್ದಿದೆ. ಮೊದಲ ಮಳೆಗೆ ದೀಪದ ಸುತ್ತ ರೆಕ್ಕೆಹುಳು ಮುತ್ತಿದ್ದವು. ಗೆದ್ದಲೋ, ಇರುವೆಯೋ?
– ಓದುಗರು, ಜಮಖಂಡಿ

ಉತ್ತರ: ನಾಲ್ಕೂ ರೆಕ್ಕೆ ಒಂದೇ ಉದ್ದವಿದ್ದರೆ ಗೆದ್ದಲು, ಇರುವೆಗೆ ಮುಂದಿನ ಜೋಡಿ ಉದ್ದ, ನಡು ಸಣ್ಣ. ಆದರೆ ದೀಪಕ್ಕೆ ಬಂದವು ಹೊರಗಿನ ಹುತ್ತದವೂ ಆಗಿರಬಹುದು. ಗಟ್ಟಿ ಸಾಕ್ಷಿ ಆ ಗೆರೆಯೇ. ಅದನ್ನು ನಡುವೆ ಒಂದಿಂಚು ಮಾತ್ರ ಕೆರೆದು ಬಿಡಿ. ಬಿಳಿ ಹುಳು ಕಂಡರೆ, ಅಥವಾ ಕೆಲ ದಿನಗಳಲ್ಲಿ ಹಸಿಮಣ್ಣು ಮೆತ್ತಿಕೊಂಡರೆ, ಓಡಾಟ ನಡೆದಿದೆ. ಖಾಲಿಯಿದ್ದರೂ ನಿಶ್ಚಿಂತರಾಗಬೇಡಿ, ದಾರಿ ಬದಲಿಸಿರಬಹುದು. ಚೌಕಟ್ಟಿನ ಬುಡ, ತೊಲೆ ಗೋಡೆಗೆ ಸೇರುವ ಜಾಗ ಬಡಿದು ನೋಡಿ. ಟೊಳ್ಳು ಸದ್ದು ಬಂದಲ್ಲಿ ಸ್ಕ್ರೂಡ್ರೈವರ್ ಮೊನೆ ಒತ್ತಿ. ಒಳಗೆ ಮಣ್ಣಿದ್ದರೆ ಗೆದ್ದಲು. ಸಣ್ಣ ತೂತಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಅದು ಮರ ಕೊರೆಯುವ ಬೇರೆ ಹುಳು. ಗೆದ್ದಲಿಗೆ ಸೀಮೆಎಣ್ಣೆ ಸುರಿಯುವುದು ವ್ಯರ್ಥ. ಏಕೆಂದರೆ ಅದರ ಗೂಡು ಸಾಮಾನ್ಯವಾಗಿ ನೆಲದೊಳಗಿರುತ್ತದೆ.