ಚಳಿಗಾಲದ ದಾಳಿಂಬೆ: ಒಲೆಗೆ ಎಷ್ಟು, ಲೋಟಕ್ಕೆ ಎಷ್ಟು?

ನಮ್ಮ ಕೊಡಗಿನ ಸುಗ್ಗಿ ಹಬ್ಬ ಪುತ್ತರಿ ಮುಗಿದಿದೆ, ಕಾಫಿ ಕೊಯ್ಲು ಜೋರಾಗಿದೆ. ಮಡಿಕೇರಿಯ ಶುಕ್ರವಾರದ ಸಂತೆಯಲ್ಲೂ ಕುಶಾಲನಗರದ ಹಣ್ಣಿನ ಗಾಡಿಗಳಲ್ಲೂ ದಾಳಿಂಬೆ ರಾಶಿ ಬಿದ್ದಿದೆ. ಚಿತ್ರದುರ್ಗ, ಕೊಪ್ಪಳ, ಬಾಗಲಕೋಟೆ ಕಡೆಯ ಒಣ ನೆಲದಲ್ಲಿ ಮೃಗಶಿರಾ ಮಳೆ ಹೊತ್ತಿಗೆ ಹೂ ಬಿಟ್ಟ ಗಿಡಗಳ ಫಸಲು ಈಗ ಬರುತ್ತದೆ. ಹಾಗಾಗಿ ಈ ಸಲ ಬಂದ ಪ್ರಶ್ನೆಗಳೆಲ್ಲ ದಾಳಿಂಬೆಯವೇ. ಓದುತ್ತಾ ಹೋದಂತೆ ಒಂದು ವಿಷಯ ಕಾಣಿಸಿತು. ಹೆಚ್ಚಿನವರಿಗೆ ತೊಂದರೆ ಆಗಿರುವುದು ಹಣ್ಣಿನಿಂದ ಅಲ್ಲ, ಬೆಂಕಿಯಿಂದ. ಕಾವು ಕೊಡಬೇಕಾದಲ್ಲಿ ಕೊಡುವುದಿಲ್ಲ, ಬೇಡದ ಕಡೆ ಕುದಿಸಿಬಿಡುತ್ತೇವೆ.

ಮೇಡಂ, ಚಳಿಗೆ ತಣ್ಣನೆ ಜ್ಯೂಸ್ ಕುಡಿಯೋಕೆ ಆಗಲ್ಲ ಅಂತ ದಾಳಿಂಬೆ ರಸಕ್ಕೆ ಶುಂಠಿ ಹಾಕಿ ಕುದಿಸಿದೆ. ಕೆಂಪು ಹೋಗಿ ಕಂದು ಬಣ್ಣ ಬಂತು, ಕಹಿಯೂ ಆಯ್ತು. ಹಣ್ಣು ಕೆಟ್ಟಿತ್ತಾ? (ಗೃಹಿಣಿ, ಮಡಿಕೇರಿ)

ಹಣ್ಣು ಚೆನ್ನಾಗಿಯೇ ಇತ್ತು. ಕಹಿ ಬಂದದ್ದು ಬಹುಶಃ ಮಿಕ್ಸಿಯಿಂದ, ಬಣ್ಣ ಹೋದದ್ದು ಕುದಿಸಿದ್ದರಿಂದ.

ದಾಳಿಂಬೆ ಕಾಳಿನ ಒಳಗೆ ಬಿಳಿ ಬೀಜ ಇದೆ, ಕಾಳುಗಳ ನಡುವೆ ಹಳದಿ ಪೊರೆ ಇದೆ. ಒಗರೆಲ್ಲ ಇರುವುದು ಸಿಪ್ಪೆಯಲ್ಲಿ ಮತ್ತು ಆ ಪೊರೆಯಲ್ಲಿ. ಅದರ ಚೂರುಗಳು ಕಾಳಿನ ಜೊತೆ ಮಿಕ್ಸಿಗೆ ಬಿದ್ದು, ಮೇಲಿಂದ ಬೀಜವೂ ನುಣ್ಣಗೆ ಅರೆದು ಹೋದರೆ ರಸ ಕಹಿಯಾಗದೆ ಇನ್ನೇನಾಗುತ್ತದೆ? ಕಾಳು ಬಿಡಿಸುವಾಗ ಒಂದು ಬೋಗುಣಿ ನೀರಿನೊಳಗೆ ಬಿಡಿಸಿ. ಕಾಳು ಮುಳುಗುತ್ತದೆ, ಪೊರೆ ತೇಲುತ್ತದೆ, ತೆಗೆದು ಹಾಕುವುದು ಸುಲಭ. ಆಮೇಲೆ ಮಿಕ್ಸಿಯಲ್ಲಿ ಎರಡೇ ಸಲ, ಒಂದೊಂದು ಕ್ಷಣ ತಿರುಗಿಸಿ ನಿಲ್ಲಿಸಿ. ಕಾಳು ಒಡೆಯಬೇಕು, ಬೀಜ ಒಡೆಯಬಾರದು. ಜರಡಿಗೆ ಸುರಿದು ಚಮಚದ ಬೆನ್ನಿನಿಂದ ಒತ್ತಿ. ಸುಮಾರು 300 ಗ್ರಾಂ ತೂಗುವ ಒಂದು ಹಣ್ಣಿನಿಂದ ಹೆಚ್ಚು ಕಡಿಮೆ 100 ಎಂಎಲ್ ರಸ ಸಿಗುತ್ತದೆ.

ಇನ್ನು ಬಣ್ಣ. ದಾಳಿಂಬೆಗೆ ಕೆಂಪು ಕೊಡುವುದು ಆಂಥೋಸಯನಿನ್ ಎಂಬ ವಸ್ತು. ಹುಳಿ ಇದ್ದರೆ ಅದು ಕೆಂಪಗೆ ನಿಲ್ಲುತ್ತದೆ. ಜಾಸ್ತಿ ಹೊತ್ತು ಕಾವು ತಗುಲಿದರೆ ಒಡೆದು ಕಂದಾಗುತ್ತದೆ. ಕಬ್ಬಿಣ ಅಥವಾ ಅಲ್ಯೂಮಿನಿಯಂ ಪಾತ್ರೆಯಾದರೆ ಬಣ್ಣ ಇನ್ನೂ ಮಂಕಾಗುತ್ತದೆ. ಸ್ಟೀಲ್ ಪಾತ್ರೆಯನ್ನೇ ಇಡಿ.

ಹೀಗೆ ಮಾಡಿ ನೋಡಿ. ಎರಡು ಲೋಟಕ್ಕೆ 200 ಎಂಎಲ್ ನೀರು ತೆಗೆದುಕೊಳ್ಳಿ. ಜಜ್ಜಿದ ಒಂದಿಂಚು ಶುಂಠಿ, ಸಿಪ್ಪೆ ಸಮೇತ ಜಜ್ಜಿದ 2 ಏಲಕ್ಕಿ, 6 ಕರಿಮೆಣಸು, 1 ಲವಂಗ, 2 ಚಮಚ ಬೆಲ್ಲ ಹಾಕಿ 7–8 ನಿಮಿಷ ಕುದಿಸಿ. ಸೋಸಿ. ಒಲೆ ಆರಿಸಿ. ಈಗ 200 ಎಂಎಲ್ ದಾಳಿಂಬೆ ರಸ ಸುರಿಯಿರಿ. ರಸ ಫ್ರಿಜ್ಜಿನದಾಗಿರಬಾರದು, ಅಡುಗೆಮನೆಯ ಬಿಸುಪಿಗೆ ಬಂದಿರಬೇಕು. ಕೊನೆಗೆ ಚಿಟಿಕೆ ಉಪ್ಪು, ನಾಲ್ಕು ಹನಿ ನಿಂಬೆರಸ. ಮಸಾಲೆ ಪೂರ್ತಿ ಕುದಿದಿರುತ್ತದೆ, ರಸ ಬರೀ ಬೆಚ್ಚಗಾಗಿರುತ್ತದೆ. ಬೆಲ್ಲದ ಬದಲು ಜೇನು ಬೇಕೆಂದರೆ ಅದನ್ನೂ ಒಲೆಯಿಂದ ಇಳಿಸಿದ ಮೇಲೆಯೇ ಹಾಕಿ, ಪರಿಮಳ ಉಳಿಯುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಮಾತ್ರ ಜೇನು ಹಾಕಿದ್ದನ್ನು ಕೊಡಲೇಬಾರದು.

ಬೆಲ್ಲದ ಕಾಫಿಗೆ ದಾಳಿಂಬೆ ರಸ ಬೆರೆಸಬಹುದಾ ಅಂತ ಇದೇ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಬೇಡ. ಎರಡರ ಒಗರೂ ಸೇರಿ ನಾಲಗೆ ಒಣಗುತ್ತದೆ. ನಮ್ಮ ಬೆಲ್ಲದ ಕಾಫಿ ಹೇಗಿದೆಯೋ ಹಾಗೇ ಇರಲಿ.

ಬೆಂಗಳೂರಲ್ಲಿರೋ ಮಗಳಿಗೆ ಕಾಚಂಪುಳಿ ಖಾಲಿಯಾಗಿದೆ. ಪಂದಿ ಕರಿಗೆ ದಾಳಿಂಬೆ ರಸ ಹಾಕ್ಲಾ ಅಂತ ಕೇಳ್ತಿದ್ದಾಳೆ. ಹುಳಿಗೆ ಹುಳಿ ತಾನೇ? (ಓದುಗರು, ಪೊನ್ನಂಪೇಟೆ)

ದಯವಿಟ್ಟು ಬೇಡ ಅನ್ನಿ. ಕಾಚಂಪುಳಿ ಬಾಟಲಿಯನ್ನು ಯಾರ ಕೈಯಲ್ಲಾದರೂ ಕಳಿಸಿಕೊಡಿ.

ಪಣಪುಳಿ ಹಣ್ಣಿನ ರಸ ಇಳಿಸಿ, ಕಪ್ಪಗೆ ಗಟ್ಟಿಯಾಗುವ ತನಕ ಕಾಯಿಸಿ ಮಾಡುವುದು ಕಾಚಂಪುಳಿ. ಒಂದೆರಡು ಚಮಚ ಸಾಕು, ಇಡೀ ಪಾತ್ರೆಯ ಹಂದಿ ಮಾಂಸದ ಕೊಬ್ಬಿಗೆ ಅದು ಎದುರು ನಿಲ್ಲುತ್ತದೆ. ಹುರಿದ ಮಸಾಲೆಯ ಕಪ್ಪಿಗೂ ಅದರ ಕಪ್ಪಿಗೂ ಹೊಂದುತ್ತದೆ. ದಾಳಿಂಬೆ ರಸದಲ್ಲಿ ಹುಳಿಗಿಂತ ಸಕ್ಕರೆ ಎಷ್ಟೋ ಪಾಲು ಜಾಸ್ತಿ. ನಮಗೆ ಸಿಗುವ ಭಗವಾ ತಳಿಯಂತೂ ಸಿಹಿಗೆಂದೇ ಹೆಸರಾದದ್ದು. ಅದನ್ನು ಪಂದಿ ಕರಿಗೆ ಸುರಿದರೆ ಸಿಹಿ ಸಾರಾಗುತ್ತದೆ. ಪಂದಿ ಕರಿಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವವಳಲ್ಲ.

ಆದರೆ ದಾಳಿಂಬೆ ಮಾಂಸಕ್ಕೆ ಹೊಂದುವುದೇ ಇಲ್ಲ ಅಂತಲ್ಲ. ಹೊಂದುವುದು ರಸವಾಗಿ ಅಲ್ಲ, ಪಾಕವಾಗಿ. ಕಾಚಂಪುಳಿ ಮಾಡುವ ಹಾಗೆಯೇ ರಸವನ್ನು ಬತ್ತಿಸಬೇಕು. ಇರಾನ್, ಸಿರಿಯಾ, ಟರ್ಕಿ ಕಡೆ ಇದು ದಿನಬಳಕೆಯ ವಸ್ತು. ಇಲ್ಲಿ ಮಾತ್ರ ಧಾರಾಳವಾಗಿ ಕಾವು ಕೊಡಬಹುದು. ಬಣ್ಣ ಕಂದಾದರೂ ಚಿಂತೆ ಇಲ್ಲ, ಏಕೆಂದರೆ ನಮಗೆ ಬೇಕಿರುವುದು ರುಚಿ.

1 ಲೀಟರ್ ರಸ, ಕಾಲು ಕಪ್ ನಿಂಬೆರಸ, 3–4 ಚಮಚ ಸಕ್ಕರೆಯನ್ನು ಅಗಲ ಬಾಯಿಯ ಸ್ಟೀಲ್ ಪಾತ್ರೆಗೆ ಹಾಕಿ. ಸಣ್ಣ ಉರಿಯಲ್ಲಿ ಒಂದು ಗಂಟೆ, ಕೆಲವೊಮ್ಮೆ ಇನ್ನೂ ಸ್ವಲ್ಪ ಹೆಚ್ಚು ಹೊತ್ತು ಬೇಕು. ಕೊನೆಯ ಹತ್ತು ನಿಮಿಷ ಒಲೆ ಬಿಟ್ಟು ಕದಲಬೇಡಿ, ತಳ ಹಿಡಿಯುವುದು ಆಗಲೇ. ಕಾಲು ಲೀಟರಿಗೆ ಇಳಿದು, ಚಮಚಕ್ಕೆ ತೆಳುವಾಗಿ ಅಂಟಿದರೆ ಆಯಿತು. ಬಿಸಿಯಲ್ಲಿ ನೀರಾಗಿಯೇ ಕಾಣುತ್ತದೆ, ಆರಿದ ಮೇಲೆ ಗಟ್ಟಿಯಾಗುತ್ತದೆ. ಬಿಸಿ ಇರುವಾಗಲೇ ಗಟ್ಟಿ ಮಾಡಲು ಹೊರಟರೆ ಆರಿದಾಗ ಬಾಟಲಿಯಿಂದ ಬರುವುದೇ ಇಲ್ಲ. ಒಣಗಿದ ಗಾಜಿನ ಬಾಟಲಿಯಲ್ಲಿ ಹಾಕಿ ಫ್ರಿಜ್ಜಿನಲ್ಲಿ ಇಟ್ಟರೆ ಕೆಲವು ತಿಂಗಳು ಬರುತ್ತದೆ.

ಇದನ್ನು ಕೋಳಿಗೆ ಹಾಕಿ. 1 ಕೆಜಿ ನಾಟಿ ಕೋಳಿಗೆ ಉಪ್ಪು, ಅರಿಶಿನ, ಶುಂಠಿ ಬೆಳ್ಳುಳ್ಳಿ ಹಚ್ಚಿ ಅರ್ಧ ಗಂಟೆ ಬಿಡಿ. ಎರಡು ಈರುಳ್ಳಿ ಬಾಡಿಸಿ, ಕೋಳಿ ಹಾಕಿ ಮುಚ್ಚಿ ಬೇಯಿಸಿ. ನೀರು ಬತ್ತುತ್ತಾ ಬಂದಾಗ ಒರಟಾಗಿ ಕುಟ್ಟಿದ ಎರಡು ಚಮಚ ಕರಿಮೆಣಸು, ಎರಡು ದೊಡ್ಡ ಚಮಚ ಪಾಕ ಹಾಕಿ ಉರಿ ಜೋರು ಮಾಡಿ, ಮೂರು ನಿಮಿಷ ಕೈಯಾಡಿಸಿ. ಪಾಕದಲ್ಲಿ ಸಕ್ಕರೆ ಇದೆ, ಮೊದಲೇ ಹಾಕಿದರೆ ಕರಕಲಾಗುತ್ತದೆ. ಬಡಿಸುವಾಗ ಮೇಲೆ ಹಿಡಿಯಷ್ಟು ಹಸಿ ಕಾಳು ಉದುರಿಸಿ. ಬಿಸಿ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಜೊತೆ ಚಳಿ ರಾತ್ರಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ.

ಸಮಯ ಇದ್ದರೆ ಇರಾನಿನ ಫೆಸೆಂಜಾನ್ ಕೂಡ ಮಾಡಿ ನೋಡಲು ಮಗಳಿಗೆ ಹೇಳಿ. 250 ಗ್ರಾಂ ಅಕ್ರೋಟನ್ನು ನುಣ್ಣಗೆ ಪುಡಿ ಮಾಡಿ, ಎಣ್ಣೆ ಹಾಕದೆ ಬೆಚ್ಚಗೆ ಹುರಿದು, ಎರಡು ಕಪ್ ನೀರು ಮತ್ತು 4–5 ದೊಡ್ಡ ಚಮಚ ಪಾಕದ ಜೊತೆ ಸಣ್ಣ ಉರಿಯಲ್ಲಿ ಬೇಯಿಸುತ್ತಾ ಹೋಗಬೇಕು. ಅಕ್ರೋಟಿನ ಎಣ್ಣೆ ಮೇಲೆ ತೇಲಿ ಬಂದಾಗ ಬಾಡಿಸಿದ ಈರುಳ್ಳಿ, ಹುರಿದ ಕೋಳಿ ತುಂಡು ಹಾಕಿ ಮತ್ತೆ ಮುಕ್ಕಾಲು ಗಂಟೆ ಬೇಯಿಸಿ. ಬಾತುಕೋಳಿಯಲ್ಲೂ ಮಾಡುತ್ತಾರೆ. ಕ್ಯಾಸ್ಪಿಯನ್ ಕಡಲ ಕಡೆಯ ಗಿಲಾನ್ ಪ್ರಾಂತ್ಯದವರಿಗೆ ಇದು ಹುಳಿಯಾಗಿರಬೇಕು, ಬೇರೆ ಕಡೆ ಸ್ವಲ್ಪ ಸಿಹಿ ಮಾಡುತ್ತಾರೆ. ಅಲ್ಲಿ ಅನ್ನದ ಜೊತೆ ತಿನ್ನುತ್ತಾರೆ. ನಮ್ಮ ನೂಪುಟ್ಟಿಗೂ (ಒತ್ತು ಶ್ಯಾವಿಗೆ) ಬಹಳ ಚೆನ್ನಾಗಿ ಹೊಂದುತ್ತದೆ. ಡಿಸೆಂಬರ್ 20–21ರ ಸುಮಾರಿಗೆ ಬರುವ ವರ್ಷದ ಅತಿ ದೀರ್ಘ ರಾತ್ರಿಯನ್ನು ಇರಾನಿನವರು ಯಲ್ದಾ ಎಂದು ಆಚರಿಸುತ್ತಾರೆ. ಮನೆಮಂದಿಯೆಲ್ಲ ಕೂತು ದಾಳಿಂಬೆ ಬಿಡಿಸಿ ತಿನ್ನುವ ರಾತ್ರಿ ಅದು.

ಅಕ್ಕ, ಸೋಮವಾರಪೇಟೆ ಹತ್ರ ಹೋಂಸ್ಟೇ ನಡೆಸ್ತೀನಿ. ವರ್ಷದ ಕೊನೆಗೆ ಎಲ್ಲ ರೂಮೂ ಬುಕ್ ಆಗಿದೆ. ದಾಳಿಂಬೆ, ಕಿತ್ತಳೆ ಎರಡೂ ಇಟ್ಕೊಂಡು ಬಂದವರಿಗೆ ಏನಾದ್ರೂ ಕುಡಿಯೋಕೆ ಕೊಡ್ಬೇಕು. ರಮ್ ಜೊತೆ ಹೋಗುತ್ತಾ?

ಹೋಗುತ್ತದೆ ತಮ್ಮ. ಮೊದಲು ಒಂದು ಸಿರಪ್ ಮಾಡಿಟ್ಟುಕೊಳ್ಳಿ. ಮೇಲೆ ಹೇಳಿದ ಪಾಕ ಅಲ್ಲ, ಇದು ಬೇರೆ. 2 ಕಪ್ ರಸಕ್ಕೆ ಒಂದೂವರೆ ಕಪ್ ಸಕ್ಕರೆ ಹಾಕಿ, ಸಕ್ಕರೆ ಕರಗುವಷ್ಟು ಮಾತ್ರ ಬೆಚ್ಚಗೆ ಮಾಡಿ, ಕುದಿಸದೆ ಇಳಿಸಿ, ಒಂದು ಚಮಚ ನಿಂಬೆರಸ ಸೇರಿಸಿ. ಬಾರ್‌ಗಳಲ್ಲಿ ಗ್ರೆನಡೀನ್ ಅನ್ನುವುದು ಮೂಲದಲ್ಲಿ ಇದೇ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವ ಬಹಳಷ್ಟು ಬಾಟಲಿಗಳಲ್ಲಿ ಇರುವುದು ಸಕ್ಕರೆ, ಬಣ್ಣ, ಪರಿಮಳ ಅಷ್ಟೇ. ಇಷ್ಟು ಒಳ್ಳೆಯ ಹಣ್ಣು ಕೈಯಲ್ಲಿರುವಾಗ ಅದೇಕೆ?

ಮಧ್ಯಾಹ್ನ ಬಿಸಿಲಲ್ಲಿ ಬಂದವರಿಗೆ: ಒಂದು ಗಾಂಧಾರಿ ಮೆಣಸನ್ನು ಲೋಟದ ತಳದಲ್ಲಿ ಮೆಲ್ಲಗೆ ಒತ್ತಿ, 100 ಎಂಎಲ್ ಕಿತ್ತಳೆ ರಸ ಹಾಕಿ, ನಿಮಿಷ ಬಿಟ್ಟು ಮೆಣಸು ತೆಗೆದುಬಿಡಿ. 60 ಎಂಎಲ್ ಸೋಡಾ ಸೇರಿಸಿ. ಕೊನೆಗೆ 20 ಎಂಎಲ್ ಸಿರಪ್ಪನ್ನು ಲೋಟದ ಅಂಚಿನಿಂದ ನಿಧಾನ ಇಳಿಬಿಡಿ. ಸಕ್ಕರೆಯ ಭಾರಕ್ಕೆ ಅದು ತಳಕ್ಕೆ ಹೋಗಿ, ಕೆಳಗೆ ಕೆಂಪು ಮೇಲೆ ಕಿತ್ತಳೆ ಬಣ್ಣ ನಿಲ್ಲುತ್ತದೆ. ಕೊಡಗಿನ ಕಿತ್ತಳೆಯನ್ನು ಮಾತ್ರ ಆಗಲೇ ಹಿಂಡಿ. ಬೆಳಿಗ್ಗೆ ಹಿಂಡಿಟ್ಟ ರಸ ಮಧ್ಯಾಹ್ನಕ್ಕೆ ಕಹಿ ಏರುತ್ತದೆ.

ಸಂಜೆಗೆ: 90 ಎಂಎಲ್ ಬಿಸಿನೀರಿಗೆ ಒಂದು ಚಮಚ ಬೆಲ್ಲ, ಒಂದು ಲವಂಗ, ಕಿತ್ತಳೆ ಸಿಪ್ಪೆಯ ಸಣ್ಣ ಪಟ್ಟಿ ಹಾಕಿ ಎರಡು ನಿಮಿಷ ಮುಚ್ಚಿಡಿ. 60 ಎಂಎಲ್ ದಾಳಿಂಬೆ ರಸ, ಕೊನೆಯಲ್ಲಿ 45 ಎಂಎಲ್ ರಮ್. ರಮ್ ಹಾಕಿದ ಮೇಲೆ ಒಲೆಗೆ ಇಡಬೇಡಿ. ಮದ್ಯಸಾರ 78 ಡಿಗ್ರಿಗೇ ಕುದಿಯುತ್ತದೆ, ಪರಿಮಳವೂ ಹಾರಿಹೋಗುತ್ತದೆ. ಮನೆ ವೈನ್ ಇದ್ದರೆ ಎರಡು ಪಾಲು ವೈನಿಗೆ ಒಂದು ಪಾಲು ದಾಳಿಂಬೆ ರಸ, ಒಂದು ತುಂಡು ಚಕ್ಕೆ ಹಾಕಿ, ಹಬೆ ಆಡುವಷ್ಟು ಮಾತ್ರ ಬಿಸಿ ಮಾಡಿ. ನಮ್ಮ ಮನೆ ವೈನ್ ಮೊದಲೇ ಸಿಹಿ, ಸಕ್ಕರೆ ಬೇಡ.

ಇನ್ನೆರಡು ಮಾತು. ಅಬಕಾರಿ ಪರವಾನಗಿ ಇಲ್ಲದೆ ಅತಿಥಿಗಳಿಗೆ ಮದ್ಯ ಮಾರುವಂತಿಲ್ಲ, ಅದನ್ನು ಮೊದಲು ನೋಡಿಕೊಳ್ಳಿ. ಮತ್ತೆ, ಕುಡಿದರೆ ಮೈ ಬೆಚ್ಚಗಾಗುತ್ತದೆ ಅನ್ನುವುದು ಬರೀ ಅನಿಸಿಕೆ. ಚರ್ಮದ ರಕ್ತನಾಳಗಳು ಹಿಗ್ಗಿ ಮೈಯ ಶಾಖ ಹೊರಗೆ ಹೋಗುತ್ತದೆ. ಬೆಳಗಿನ ಜಾವ ಜೀಪಿನಲ್ಲಿ ಮಾಂದಲಪಟ್ಟಿಗೆ ಹೊರಡುವವರಿಗೆ ಫ್ಲಾಸ್ಕಿನಲ್ಲಿ ಮೊದಲ ಉತ್ತರದ ಶುಂಠಿ ಏಲಕ್ಕಿ ಪಾನೀಯ ತುಂಬಿಕೊಡಿ. ಅದೇ ಒಳ್ಳೆಯದು.

ಶ್ಯಾವಿಗೆ ಪಾಯಸಕ್ಕೆ ದಾಳಿಂಬೆ ರಸ ಹಾಕಿದ್ದಕ್ಕೆ ಹಾಲು ಒಡೀತು. ಮೊಸರನ್ನಕ್ಕೆ ಹಾಕಿದ್ರೆ ಏನೂ ಆಗಲ್ವಲ್ಲ? (ನಾಪೋಕ್ಲು)

ಮೊಸರು ಆಗಲೇ ಹುಳಿಯಾಗಿ ಹೆಪ್ಪುಗಟ್ಟಿದ್ದು, ಅದಕ್ಕೆ ಒಡೆಯುವ ಭಯ ಇಲ್ಲ. ಬಿಸಿ ಹಾಲಿಗೆ ಹುಳಿ ಬಿದ್ದರೆ ಒಡೆಯುತ್ತದೆ. ಪಾಯಸಕ್ಕೆ ರಸ ಬೇಡ, ಇಡೀ ಕಾಳು ಸಾಕು. ಅದೂ ಪಾಯಸ ಪೂರ್ತಿ ಆರಿದ ಮೇಲೆ, ಬಟ್ಟಲಿಗೆ ಹಾಕಿದ ಮೇಲೆ. ಮೊಸರನ್ನಕ್ಕೂ ಬಡಿಸುವಾಗಲೇ ಹಾಕಿ, ಇಲ್ಲದಿದ್ದರೆ ಅನ್ನವೆಲ್ಲ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ.

ಒಳ್ಳೆ ಹಣ್ಣು ಆರಿಸೋದು ಹೇಗೆ? ಎಷ್ಟು ದಿನ ಇಡಬಹುದು? ಶುಗರ್ ಇರೋರು ಕುಡೀಬಹುದಾ? (ಸುಂಟಿಕೊಪ್ಪ)

ಬಣ್ಣ ನೋಡಬೇಡಿ, ತೂಕ ನೋಡಿ. ಒಂದೇ ಗಾತ್ರದ ಎರಡು ಹಣ್ಣಿನಲ್ಲಿ ಭಾರದ್ದು ತೆಗೆದುಕೊಳ್ಳಿ. ಬಲಿತ ಹಣ್ಣು ಪೂರ್ತಿ ದುಂಡಗಿರುವುದಿಲ್ಲ, ಬದಿಗಳು ಸ್ವಲ್ಪ ಚಪ್ಪಟೆಯಾಗಿ ಮೂಲೆ ಮೂಲೆಯಾಗಿರುತ್ತವೆ. ಕಿರೀಟದ ಹತ್ತಿರ ಮೆತ್ತಗಿದ್ದರೆ ಬಿಡಿ. ದಾಳಿಂಬೆ ಕಿತ್ತ ಮೇಲೆ ಹಣ್ಣಾಗುವುದಿಲ್ಲ. ಬಾಳೆಗೊನೆಯಂತೆ ಮನೆಯಲ್ಲಿಟ್ಟು ಕಾಯುವುದು ಸುಮ್ನೆ. ಫ್ರಿಜ್ಜಿನ ಕೆಳಗಿನ ಡ್ರಾಯರಿನಲ್ಲಿ ಇಡೀ ಹಣ್ಣು ಹಲವು ವಾರ ಇರುತ್ತದೆ. ಬಿಡಿಸಿದ ಕಾಳು ಮುಚ್ಚಿದ ಡಬ್ಬದಲ್ಲಿ ನಾಲ್ಕೈದು ದಿನ. ಜಾಸ್ತಿ ಇದ್ದರೆ ತಟ್ಟೆಯಲ್ಲಿ ಹರಡಿ ಫ್ರೀಜರಿನಲ್ಲಿ ಗಟ್ಟಿ ಮಾಡಿ, ಆಮೇಲೆ ಡಬ್ಬಕ್ಕೆ ತುಂಬಿ. ಬಿಡಿಬಿಡಿಯಾಗಿ ಉಳಿಯುತ್ತದೆ.

ಶುಗರ್ ಇರುವವರು ರಸಕ್ಕಿಂತ ಕಾಳು ತಿನ್ನಿ. ಒಂದು ಲೋಟ ರಸ ಎಂದರೆ ಎರಡು ಹಣ್ಣಿನ ಸಕ್ಕರೆ ಒಟ್ಟಿಗೆ ಹೋದಂತೆ, ನಾರೂ ಸಿಗುವುದಿಲ್ಲ. ಮೂತ್ರಪಿಂಡದ ತೊಂದರೆ ಇರುವವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ದಿನಾ ಕುಡಿಯುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಮನೆ ಮುಂದಿನ ದಾಳಿಂಬೆ ಗಿಡ ಹೂ ಬಿಡುತ್ತೆ, ಉದುರುತ್ತೆ. ನಾಲ್ಕು ಕಾಯಿ ನಿಂತರೂ ಸೀಳಿ ಹೋಗುತ್ತೆ, ಇಲ್ಲ ಹುಳಿಯಾಗೇ ಇರುತ್ತೆ. ಗಿಡ ತೆಗೆದುಬಿಡ್ಲಾ? (ಭಾಗಮಂಡಲ)

ತೆಗೆಯಬೇಡಿ. ದಾಳಿಂಬೆಗೆ ಒಣ ಹವೆ, ಕಾದ ಬಿಸಿಲು ಬೇಕು. ಭಾಗಮಂಡಲದ ಮಳೆ, ಮಂಜಿನಲ್ಲಿ ಅದು ಸಿಗುವುದು ಕಷ್ಟ. ಹೂವಿನಲ್ಲಿ ಒಂದಷ್ಟು ಗಂಡು ಹೂವೇ ಆಗಿರುತ್ತವೆ, ಅವು ಉದುರುವುದು ಸಹಜ. ಒಣಗಿದ್ದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕರೆ ಕಾಯಿ ಸೀಳುತ್ತದೆ, ಆದ್ದರಿಂದ ಬೇಸಿಗೆಯಲ್ಲಿ ನೀರನ್ನು ಒಂದೇ ಸಮ ಕೊಡಿ. ಕಾಯಿಯ ಮೇಲೆ ಎಣ್ಣೆ ಹತ್ತಿದಂಥ ಕಪ್ಪು ಚುಕ್ಕಿ, ಸೀಳು ಕಂಡರೆ ಅದು ದುಂಡಾಣು ಅಂಗಮಾರಿ ರೋಗ. ಆ ರೆಂಬೆ ಕತ್ತರಿಸಿ ಸುಟ್ಟುಬಿಡಿ.

ಹುಳಿ ಕಾಯಿಯನ್ನು ಮಾತ್ರ ಎಸೆಯಬೇಡಿ. ಕೋಳಿಗೆ ಹಾಕುವ ಪಾಕಕ್ಕೆ ಸಂತೆಯ ಸಿಹಿ ಹಣ್ಣಿಗಿಂತ ಅದೇ ಮೇಲು. ಅದಕ್ಕೆ ನಿಂಬೆರಸ ಬೇಕಾಗುವುದಿಲ್ಲ, ಸಕ್ಕರೆಯನ್ನು ರುಚಿ ನೋಡಿ ಒಂದೆರಡು ಚಮಚ ಹೆಚ್ಚಿಸಿಕೊಳ್ಳಿ.