ಸಂಪಾದಕರ ಉತ್ತರ: ಖಂಡ ಎಣಿಸುವುದನ್ನು ಬಿಡಿ, ಉತ್ತರಕ್ಕೆ ಹೋಗಿ

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: "ನಾವಿಬ್ಬರೂ ನಿವೃತ್ತರು. ಮಕ್ಕಳ ಮದುವೆ ಆಯಿತು, ಮನೆ ಸಾಲ ತೀರಿತು. ಒಮ್ಮೆಯಾದರೂ ಧ್ರುವ ಪ್ರದೇಶ ನೋಡಬೇಕು ಅಂತ ದುಡ್ಡು ಕೂಡಿಟ್ಟಿದ್ದೇವೆ. ಅಂಟಾರ್ಕ್ಟಿಕಾವೋ, ನಾರ್ವೆಯ ಸ್ವಾಲ್ಬಾರ್ಡ್ ದ್ವೀಪಗಳೋ? ಉಳಿದ ಖಂಡಗಳೆಲ್ಲ ಆಗಿವೆ, ಇದೊಂದು ಬಾಕಿ ಯಾಕೆ ಅಂತ ಸ್ನೇಹಿತರು ಅಂಟಾರ್ಕ್ಟಿಕಾ ಕಡೆಗೇ ಎಳೆಯುತ್ತಿದ್ದಾರೆ. ನೀವೇನು ಹೇಳುತ್ತೀರಿ?"

ನಿಮ್ಮ ಪತ್ರ ಓದಿ ನಿಜಕ್ಕೂ ಖುಷಿಯಾಯಿತು. ಕೈಯಲ್ಲಿದ್ದ ದುಡ್ಡನ್ನು ಇನ್ನೊಂದು ಸೈಟಿಗೆ ಹಾಕದೆ ಹಿಮ ನೋಡಲು ಹೊರಟವರು ನಮ್ಮಲ್ಲಿ ಎಷ್ಟು ಜನ ಇದ್ದಾರೆ? ಆದರೆ ಆ "ಬಾಕಿ" ಅನ್ನುವ ಲೆಕ್ಕ ನನಗೆ ಹಿಡಿಸಲಿಲ್ಲ. ಅದು ನಿಮ್ಮ ಮಾತಲ್ಲ, ಸ್ನೇಹಿತರದ್ದು ಅಂತ ಗೊತ್ತು. ಆದರೂ ನೀವು ಅದನ್ನು ಕಿವಿಗೆ ಹಾಕಿಕೊಂಡಿದ್ದೀರಿ, ಅಲ್ವಾ?

ಅಂಟಾರ್ಕ್ಟಿಕಾ ದೊಡ್ಡದು, ಒಪ್ಪುತ್ತೇನೆ. ನೆಲದ ಶೇಕಡಾ 98ರಷ್ಟು ಹಿಮದ ಅಡಿಯಲ್ಲಿದೆ. ಪೆಂಗ್ವಿನ್‌ಗಳ ಹಿಂಡು ನೋಡಬೇಕೆಂದರೆ ದಕ್ಷಿಣಕ್ಕೇ ಹೋಗಬೇಕು. ಆದರೆ ಅರ್ಜೆಂಟೀನಾದ ಉಶುವಾಯಾದಿಂದ ಹಡಗು ಹತ್ತಿದರೆ ಡ್ರೇಕ್ ಜಲಸಂಧಿ ದಾಟಲು ಹೋಗುತ್ತಾ ಸುಮಾರು ಎರಡು ದಿನ, ಬರುತ್ತಾ ಎರಡು ದಿನ. ಸಮುದ್ರ ಕೆಟ್ಟರೆ ಹಾಸಿಗೆ ಬಿಟ್ಟು ಏಳುವಂತಿಲ್ಲ. ಒಂದು ಜಾಗದಲ್ಲಿ ಒಂದು ಸಲಕ್ಕೆ 100 ಜನ ಮಾತ್ರ ದಡ ಹತ್ತಬಹುದು. 500ಕ್ಕಿಂತ ಜಾಸ್ತಿ ಪ್ರಯಾಣಿಕರಿರುವ ಹಡಗಾದರೆ ಇಳಿಯುವ ಮಾತೇ ಇಲ್ಲ, ಡೆಕ್ ಮೇಲಿಂದ ನೋಡಿ ವಾಪಸ್. 2022-23ರ ಒಂದೇ ಸೀಸನ್ನಿನಲ್ಲಿ ಅಲ್ಲಿಗೆ ಹೋದವರು ಲಕ್ಷ ದಾಟಿದರು. ಅವರಲ್ಲಿ ಎಷ್ಟು ಮಂದಿ ಹಿಮಕ್ಕಾಗಿ ಹೋದರು, ಎಷ್ಟು ಮಂದಿ ಏಳನೇ ಖಂಡಕ್ಕೆ ಟಿಕ್ ಹಾಕಲು ಹೋದರು?

ಸ್ವಾಲ್ಬಾರ್ಡ್‌ನಲ್ಲಿ ಹಿಮವೂ ಇದೆ, ಮನುಷ್ಯರೂ ಇದ್ದಾರೆ. ನನ್ನ ಮನಸ್ಸು ವಾಲುವುದು ಅಲ್ಲಿಗೇ. ಲಾಂಗ್‌ಇಯರ್‌ಬೈನ್ 78 ಡಿಗ್ರಿ ಉತ್ತರದಲ್ಲಿರುವ ಊರು. ಶಾಲೆ ಇದೆ, ಅಂಗಡಿ ಇದೆ, ಬಸ್ ಇದೆ. ಹೋಟೆಲಿನ ಬಾಗಿಲಲ್ಲಿ, ಮ್ಯೂಸಿಯಂ ಬಾಗಿಲಲ್ಲಿ ಕೂಡ, ಸಾಲಾಗಿ ಶೂ ಬಿಟ್ಟಿರುತ್ತಾರೆ. ಕಲ್ಲಿದ್ದಲು ಗಣಿಯಿಂದ ಬಂದವರು ಮಸಿ ಮೆತ್ತಿದ ಬೂಟು ಹೊರಗೇ ಬಿಟ್ಟು ಒಳಗೆ ಬರುತ್ತಿದ್ದ ರೂಢಿ ಅದು. ಗಣಿಗಳು ಮುಚ್ಚುತ್ತಾ ಬಂದವು, ರೂಢಿ ಉಳಿಯಿತು. ಕಾಲುಚೀಲದಲ್ಲಿ ಮ್ಯೂಸಿಯಂ ಸುತ್ತುವಾಗ ನನಗೆ ಯಾರದೋ ಮನೆಯೊಳಗೆ ಓಡಾಡಿದ ಹಾಗಿತ್ತು. ಅದೇ ಊರಿನಿಂದ ಆಚೆ ಕಾಲಿಟ್ಟರೆ ಹಿಮಕರಡಿ ಭಯ. ಗೈಡ್‌ಗಳ ಹೆಗಲ ಮೇಲೆ ಬಂದೂಕು ಇದ್ದೇ ಇರುತ್ತದೆ.

ದೋಣಿಯಲ್ಲಿ ಪಿರಮಿಡನ್‌ಗೂ ಹೋಗಬಹುದು. ಸೋವಿಯತ್ ಕಾಲದ ಗಣಿ ಊರು, 1998ರಲ್ಲಿ ಖಾಲಿಯಾಯಿತು. ಲೆನಿನ್ ಪ್ರತಿಮೆ ಇವತ್ತಿಗೂ ಎದುರಿನ ಹಿಮನದಿಯತ್ತ ನೋಡುತ್ತಾ ನಿಂತಿದೆ. ಕಾರ್ಮಿಕರ ವಸತಿ ಕಟ್ಟಡದ ಒಂದೊಂದು ಕಿಟಕಿಯಲ್ಲೂ ಕಿಟ್ಟಿವೇಕ್ ಹಕ್ಕಿಗಳು ಗೂಡು ಕಟ್ಟಿವೆ. ಅವುಗಳ ಗಲಾಟೆಯಲ್ಲಿ ಪಕ್ಕದವರ ಮಾತೂ ಕೇಳುವುದಿಲ್ಲ.

ಇನ್ನೂ ಉತ್ತರಕ್ಕೆ ನೈ-ಓಲೆಸುಂಡ್. 1926ರಲ್ಲಿ ನಾರ್ವೆಯ ಅನ್ವೇಷಕ ಅಮುಂಡ್ಸೆನ್, ಅಮೆರಿಕದ ಎಲ್ಸ್‌ವರ್ತ್, ಇಟಲಿಯ ನೊಬಿಲೆ 'ನಾರ್ಗೆ' ವಾಯುನೌಕೆಯಲ್ಲಿ ಉತ್ತರ ಧ್ರುವದ ಮೇಲೆ ಹಾರಿ ಅಲಾಸ್ಕಾ ತಲುಪಿದ್ದು ಇಲ್ಲಿಂದ. ಆ ನೌಕೆಯನ್ನು ಕಟ್ಟಿಹಾಕಿದ್ದ ಕಬ್ಬಿಣದ ಕಂಬ ಈಗಲೂ ಇದೆ. ಎರಡು ವರ್ಷದ ನಂತರ ನೊಬಿಲೆಯ ಇನ್ನೊಂದು ನೌಕೆ 'ಇಟಾಲಿಯಾ' ಹಿಮದ ಮೇಲೆ ಬಿತ್ತು. ಅಷ್ಟರಲ್ಲಿ ಅಮುಂಡ್ಸೆನ್‌ಗೂ ನೊಬಿಲೆಗೂ ಮುಖ ಕೊಟ್ಟು ಮಾತಾಡುವಷ್ಟೂ ಸ್ನೇಹ ಉಳಿದಿರಲಿಲ್ಲ. ಆದರೂ ಅಮುಂಡ್ಸೆನ್ ಹುಡುಕಲು ವಿಮಾನ ಹತ್ತಿದ. ನೊಬಿಲೆ ಬದುಕಿ ಬಂದ. ಅಮುಂಡ್ಸೆನ್ ಬರಲಿಲ್ಲ. ದಕ್ಷಿಣ ಧ್ರುವವನ್ನು ಮೊದಲು ಮುಟ್ಟಿದವನು ಅಂತ ಮಾತ್ರ ಅವನನ್ನು ನೆನೆಯುವವರು ಈ ಕಂಬದ ಕೆಳಗೆ ಒಂದು ನಿಮಿಷ ನಿಲ್ಲಬೇಕು.

ಅದೇ ಹಳ್ಳಿಯಲ್ಲಿ ನಮ್ಮ 'ಹಿಮಾದ್ರಿ' ಇದೆ. 2008ರಲ್ಲಿ ಶುರುವಾದ ಭಾರತದ ಸಂಶೋಧನಾ ಕೇಂದ್ರ, ಉತ್ತರ ಧ್ರುವಕ್ಕೆ ಸುಮಾರು 1200 ಕಿಲೋಮೀಟರ್ ದೂರ. ಅಲ್ಲಿ ಫೋನಿನ ವೈಫೈ, ಬ್ಲೂಟೂತ್ ಎಲ್ಲ ಆರಿಸಬೇಕು, ಇಲ್ಲದಿದ್ದರೆ ಸೂಕ್ಷ್ಮ ಉಪಕರಣಗಳಿಗೆ ತೊಂದರೆ. 2023ರ ಡಿಸೆಂಬರಿನಲ್ಲಿ ಭಾರತ ಮೊದಲ ಬಾರಿ ಚಳಿಗಾಲದ ತಂಡ ಕಳಿಸಿದಾಗ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರೂ ಹೋಗಿದ್ದರು. ಹಗಲೇ ಇಲ್ಲದ ಆ ಕತ್ತಲಲ್ಲಿ ರೇಡಿಯೋ ಖಗೋಳಶಾಸ್ತ್ರಕ್ಕೆ, ಅಂದರೆ ಆಕಾಶದಿಂದ ಬರುವ ರೇಡಿಯೋ ಅಲೆಗಳ ಅಧ್ಯಯನಕ್ಕೆ, ಜಾಗ ಎಷ್ಟು ನಿಶ್ಶಬ್ದವಾಗಿದೆ ಅಂತ ಅಳೆಯುವುದು ಅವರ ಕೆಲಸ. ಇದನ್ನು ನಮ್ಮಲ್ಲಿ ಎಷ್ಟು ಜನ ಓದಿದ್ದೇವೆ?

ನನ್ನ ನೋವು ಇರುವುದು ಇಲ್ಲೇ. ನಮ್ಮ ಕಚೇರಿಗೆ ಪ್ರವಾಸ ಲೇಖನಗಳು ರಾಶಿ ರಾಶಿ ಬರುತ್ತವೆ. ಅರ್ಧ ವೀಸಾ ಕಥೆ, ಉಳಿದರ್ಧ ಅನ್ನ-ಸಾರು ಸಿಕ್ಕಿತೋ ಇಲ್ಲವೋ. ಆ ಊರಿನವರು ಏನು ಕೆಲಸ ಮಾಡುತ್ತಾರೆ, ಯಾಕೆ ಅಲ್ಲೇ ಉಳಿದರು ಅಂತ ಯಾರೂ ಕೇಳಿರುವುದಿಲ್ಲ. ಉತ್ತರ ಧ್ರುವದ ಸುತ್ತಲಿನ ಆರ್ಕ್ಟಿಕ್ ಪ್ರದೇಶ 1979ರಿಂದ ಈಚೆಗೆ ಭೂಮಿಯ ಸರಾಸರಿಗಿಂತ ನಾಲ್ಕು ಪಟ್ಟಿನಷ್ಟು ಬೇಗ ಬಿಸಿಯಾಗುತ್ತಿದೆ. ಅಲ್ಲಿನ ಹಿಮಕ್ಕೂ ನಮ್ಮ ಮುಂಗಾರಿಗೂ ಇರುವ ನಂಟನ್ನು ನಮ್ಮದೇ ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಮಳೆ ನಂಬಿ ಬದುಕುವ ನಾವು ಸುಮ್ನೆ ಪೆಂಗ್ವಿನ್ ಫೋಟೋ ಹಂಚುತ್ತಾ ಕೂತಿದ್ದೇವೆ. ಪ್ರವಾಸ ಸಂಸ್ಥೆಗಳು ಖಂಡ ಮಾರುತ್ತವೆ, ನಾವು ಕೊಳ್ಳುತ್ತೇವೆ.

ನಿಮ್ಮಂಥವರು ಹಾಗಲ್ಲ ಅಂತ ನಂಬಿದ್ದೇನೆ. ಜೂನ್ ಕೊನೆ ಅಥವಾ ಜುಲೈನಲ್ಲಿ ಹೋಗಿ, ಆಗ ಸೂರ್ಯ ಮುಳುಗುವುದೇ ಇಲ್ಲ. 200ಕ್ಕಿಂತ ಕಡಿಮೆ ಪ್ರಯಾಣಿಕರ ಹಡಗನ್ನೇ ಆರಿಸಿ. 2025ರಿಂದ ಸಂರಕ್ಷಿತ ಪ್ರದೇಶಗಳಿಗೆ ಅದಕ್ಕಿಂತ ದೊಡ್ಡ ಹಡಗಿಗೆ ಪ್ರವೇಶವಿಲ್ಲ. ನೈ-ಓಲೆಸುಂಡ್‌ನಲ್ಲಿ ಇಳಿಸುತ್ತಾರಾ ಅಂತ ಬುಕ್ ಮಾಡುವ ಮೊದಲೇ ಕೇಳಿ. ಸ್ವಾಲ್ಬಾರ್ಡ್‌ಗೆ ವೀಸಾ ಬೇಕಿಲ್ಲ, ಆದರೆ ದಾರಿ ನಾರ್ವೆಯ ಮುಖ್ಯನೆಲದ ಮೂಲಕ. ಆ ನೆಲ ಷೆಂಗೆನ್ ವಲಯದಲ್ಲಿದೆ, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನಲ್ಲಿ. ಸ್ವಾಲ್ಬಾರ್ಡ್ ಆ ವಲಯದ ಹೊರಗಿರುವುದರಿಂದ ವಾಪಸ್ ಬರುವಾಗ ಮತ್ತೆ ಒಳಗೆ ಬರಬೇಕು. ಹಾಗಾಗಿ ಎರಡು ಸಲ ಪ್ರವೇಶ ಕೊಡುವ ಷೆಂಗೆನ್ ವೀಸಾಕ್ಕೇ ಅರ್ಜಿ ಹಾಕಿ.